ಕೊಳವೆ ಕರಡಿ

ಥಾನು ಬಿಚ್ಚಿ ಮುಗಿದ ಮೇಲೆ
ಒಳಗಿನಿಂದ ರಟ್ಟಿನ ಕೊಳವೆಯೊಂದು ಉರುಳಿ ಬೀಳುತ್ತದೆ,
ನನಗಿಂತ ಒಂದು ಗೇಣು ಗಿಡ್ಡ.
ನೂರು ಮೀಟರು ನೀಲಿಯನ್ನು ಮೈಗೆ ಸುತ್ತಿಕೊಂಡು
ಎಲ್ಲಿಂದಲೋ ಬಳ್ಳಾರಿಯ ಕೌಲ್ ಬಜಾರಿನ ತನಕ ಬಂದದ್ದು.
ಗುಜರಿಯವನು ಕಿಲೋಗೆ ಎಂಟು ರೂಪಾಯಿ ಅನ್ನುತ್ತಾನೆ.
ಮಾಲೀಕರು ನನಗೆ ವಾರಕ್ಕೆ ಎರಡು ಪುಕ್ಕಟೆ ಬಿಟ್ಟಿದ್ದಾರೆ:
"ಏನರ ಮಾಡ್ಕೊ ಹೊನ್ನೂರಪ್ಪ,
ಹುಡುಗ್ರು ಮಿಷಿನ್ ಹತ್ರ ಬರದಿದ್ರ ಸಾಕು."

ಭಾನುವಾರ ಅರ್ಧ ದಿನ ಹೊಲಿಗೆ.
ಒಳಗೆ ತಾಯಂದಿರು ಜೇಬು ಕೂರಿಸುತ್ತಾರೆ, ಲೂಪು ಹಾಕುತ್ತಾರೆ.
ಹೊರಗೆ ತಗಡಿನ ನೆರಳಲ್ಲಿ ಏಳು ಮಕ್ಕಳು,
ಒಬ್ಬ ಕಟಿಂಗ್ ಮಾಸ್ತರ, ಒಂದು ಗರಗಸ.
ಈ ರಟ್ಟಿಗೆ ಕತ್ತರಿ ನಡೆಯುವುದಿಲ್ಲ.
ಹದಿನೆಂಟು ವರ್ಷ ಚಪ್ಪಟೆ ಬಟ್ಟೆ ಕತ್ತರಿಸಿದ ಕೈ
ದುಂಡಗಿನದನ್ನು ಕೊಯ್ಯಲು ಇನ್ನೂ ಕಲಿಯುತ್ತಿದೆ.

ಗೇಣುದ್ದದ್ದು ಆನೆಗೆ. ನಾಲ್ಕು ಬೆರಳಿನದು ಬೆಕ್ಕಿಗೆ.
ಹಾಳಾದ ಜಿಪ್ಪು ಸಿಕ್ಕಿದ್ದೇ ಹಾರೂನನಿಗೆ ಮೊಸಳೆ ಹೊಳೆಯಿತು:
ಝರ್ ಎಂದು ಬಾಯಿ ತೆಗೆಯುತ್ತದೆ, ಝರ್ ಎಂದು ಮುಚ್ಚುತ್ತದೆ.
"ಕಂಪ್ಲಿ ಹೊಳೆಯಾಗ ಹಿಂಗಽ ಇತ್ತು, ನಾ ನೋಡೀನಿ."
ಒಳಗಿನಿಂದ ಅವನ ಅಮ್ಮ, ಮಿಷಿನ್ನು ನಿಲ್ಲಿಸದೆ:
"ಸುಳ್ಳು! ಅಂವ ಹೊಳೀನಽ ನೋಡಿಲ್ಲ!"

ಉರುಕುಂದಮ್ಮ ಮಾತಾಡುವುದು ಕಮ್ಮಿ. ಆರು ವರ್ಷ.
ಒಂದು ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು
ಅಂಚು ಬಿಟ್ಟ ಜೀನ್ಸಿನ ಎಳೆಗಳನ್ನು
ಒಂದೊಂದಾಗಿ ಅಂಟಿಸಿದಳು, ಮಧ್ಯಾಹ್ನದ ತನಕ.
ಹಿತ್ತಾಳೆ ಗುಂಡಿ ಎರಡು, ಕಣ್ಣು.
"ಏನಽ ಇದು?"
"ಕರಡಿ."
"ಕರಡಿ ನೀಲಿ ಇರ್ತೈತೇನ?" ಎರ್ರಿಸ್ವಾಮಿ ನಕ್ಕ.
"ಸಂಜೀಗೆ ಇರ್ತೈತಿ."

ಅವಳ ಅಜ್ಜಿಯದು ದರೋಜಿ ಕಡೆಯ ಹಳ್ಳಿ.
ಅಲ್ಲಿ ಬಂಡೆಗೆ ಬೆಲ್ಲ ಬಳಿದು ಇಳಿದು ಬಂದರೆ
ಹೊತ್ತು ಮುಳುಗುವಾಗ ಗುಡ್ಡದ ಸಂದಿಯಿಂದ
ಒಂದು, ಆಮೇಲೆ ಇನ್ನೊಂದು, ಬೆನ್ನ ಮೇಲೆ ಮರಿ.
ಇಷ್ಟು ಹೇಳಿ ಅವಳು ಲಂಗದ ಗಂಟಿನಿಂದ ಬೆಲ್ಲದ ಚೂರು ತೆಗೆದು
ಅರ್ಧ ತಿಂದು, ಉಳಿದದ್ದನ್ನು ಎಂಜಲು ಮಾಡಿ
ಕರಡಿಯ ಮೂತಿಗೆ ಬಳಿದಳು.

ನಮ್ಮಪ್ಪ ಟಾಕೀಸಿನ ಪೋಸ್ಟರ್ ಅಂಟಿಸುತ್ತಿದ್ದ.
ಮೈದಾ ಕುದಿಸಿದರೆ ಚಿಟಿಕೆ ಮೈಲುತುತ್ತ ಹಾಕದೆ ಇಳಿಸಿದವನಲ್ಲ,
ಹುಳ ಬರುತ್ತದೆ ಎಂದು.
ನಾನು ಹಾಕಲಿಲ್ಲ.
ಈ ಮಕ್ಕಳು ಬೆರಳು ನೆಕ್ಕುತ್ತವೆ.

ಎರಡು ಭಾನುವಾರ ದೊಡ್ಡ ಆರ್ಡರು, ಯಾರಿಗೂ ಪುರುಸೊತ್ತಿಲ್ಲ.
ಮೂರನೆಯದಕ್ಕೆ ಬಂದು ನೋಡಿದರೆ ಗೋಡೆಯ ಬುಡದಿಂದ
ಕೆಂಪು ಮಣ್ಣಿನ ಗೆರೆಯೊಂದು ಹತ್ತಿ ಬಂದು
ಕಿಟಕಿಯ ಕಟ್ಟೆ ಮುಟ್ಟಿದೆ.
ಆನೆಯ ಒಂದು ಕಾಲು ಹೋಗಿದೆ. ಮೊಸಳೆ ಸದ್ಯ ಬಚಾವು.
ಕರಡಿ ನಿಂತೇ ಇತ್ತು. ನಿಂತ ಹಾಗೆ ಕಾಣುತ್ತಿತ್ತು.
ಬೆರಳು ತಾಕಿದ್ದೇ ತಡ
ಉಸ್ಸೆಂದು ಕುಸಿದು ಹಿಡಿ ಪುಡಿಯಾಯಿತು,
ಪುಡಿಯಲ್ಲಿ ಬೆಳ್ಳನೆಯ ಗೆದ್ದಲು, ಬೆಳಕಿಗೆ ಗಾಬರಿಯಾಗಿ.

ಅತ್ತಾಳು ಅಂದುಕೊಂಡೆ.
ಹೇಳಬೇಕಾದ ಸುಳ್ಳೊಂದನ್ನು ಬಾಯಲ್ಲಿ ಹೊಂದಿಸುತ್ತಿದ್ದೆ.
ಅವಳು ಕುಕ್ಕರಗಾಲಲ್ಲಿ ಕೂತು ನೋಡಿದಳು, ಬಹಳ ಹೊತ್ತು.
"ಮಾಸ್ತರ, ಕರಡಿ ಗೆದ್ದಲ ತಿಂತೈತಿ, ಹೌದಿಲ್ಲೋ?"
"ಹೌದವ್ವ."
"ಹಂಗಾರ ಈಗ ಇವುದ್ದು ಪಾಳಿ."

ಪಾಳಿ. ಅವಳಪ್ಪ ಗಣಿಯಲ್ಲಿ ರಾತ್ರಿ ಪಾಳಿ,
ಆ ಮಾತು ಅವಳಿಗೆ ಅನ್ನದ ಹಾಗೆ ಗೊತ್ತು.

ಪುಡಿಯಲ್ಲಿ ಕೈಯಾಡಿಸಿ ಗುಂಡಿ ಎರಡನ್ನೂ ಹುಡುಕಿ
ಲಂಗಕ್ಕೆ ಒರೆಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿದಳು.
"ಕಣ್ಣು ತಿನ್ನಾಕ ಬಂದಿಲ್ಲ ಅವಕ್ಕ."

ಹೊಸ ಕೊಳವೆ ತಂದು ಮಲಗಿಸಿದೆ.
ಅಲುಗದ ಹಾಗೆ ಹಿಡಿಯುವುದು ಯಾವಾಗಲೂ ಎರ್ರಿಸ್ವಾಮಿಯ ಕೆಲಸ.
ಈವತ್ತು ಅವನನ್ನು ಸರಿಸಿ
ಅವಳೇ ಕುದುರೆ ಏರಿದಂತೆ ಅದರ ಮೇಲೆ ಕೂತಳು.
"ಸಣ್ಣದು ಕೊಯ್ಯಿ ಮಾಸ್ತರ. ಮರಿ."

ಅಷ್ಟರಲ್ಲಿ ಕರೆಂಟು ಹೋಗಿ
ಒಳಗೆ ಮಿಷಿನ್ನುಗಳೆಲ್ಲ ಒಟ್ಟಿಗೇ ಸುಮ್ಮನಾದವು.
ತಾಯಂದಿರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು,
ನೀಲಿ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ,
ಈ ಕರಕರ ಎಲ್ಲಿಯದೆಂದು ನೋಡಲು.